ಗುಂಡು ಕಣಗಳ ರಾಶಿ

ಮಣ್ಣು ಪರೀಕ್ಷಿಸುವ ಪ್ರಯೋಗಾಲಯದ ಕಂಪ್ಯೂಟರಿಗೆ ತಾನು ಪರದೆಯೊಳಗೆ ಸೃಷ್ಟಿಸಿದ ಮರಳಿನ ಕಣಗಳೆಂದರೆ ಹೆಮ್ಮೆಯೋ ಹೆಮ್ಮೆ. ಸಾವಿರಾರು ಕಣಗಳು, ಒಂದೊಂದೂ ಗೋಲಿಯ ಹಾಗೆ ಗುಂಡಗೆ, ನುಣ್ಣಗೆ. ಆದರೆ ರಾಶಿ ಸುರಿದಾಗಲೆಲ್ಲ ಅವು ಜಾರಿ ರೊಟ್ಟಿಯಂತೆ ಚಪ್ಪಟೆಯಾಗುತ್ತಿದ್ದವು. ಪಕ್ಕದ ತಟ್ಟೆಯಲ್ಲಿ ಮಾತ್ರ ನಿಜವಾದ ಮರಳು ಗುಡ್ಡೆಯಾಗಿ ನಿಂತಿತ್ತು.

"ಸಂಜೆಯೊಳಗೆ ನಿನ್ನ ರಾಶಿಯೂ ಹೀಗೆ ನಿಲ್ಲದಿದ್ದರೆ ಎಲ್ಲವನ್ನೂ ಅಳಿಸಿಬಿಡುತ್ತೇನೆ" ಎಂದು ಗದರಿ ಇಂಜಿನಿಯರ್ ನೀಲಾಂಬಿಕೆ ಊಟಕ್ಕೆ ಹೋದಳು.

ಕಂಪ್ಯೂಟರ್ ಬಿಂಕ ಬಿಟ್ಟು, ಗುಡ್ಡೆಯ ತುದಿಯಲ್ಲಿ ಕೂತಿದ್ದ ಮರಳಿನ ಕಣವನ್ನು ಕೇಳಿತು: "ಅಯ್ಯಾ, ನಿನ್ನ ಮೈಯೆಲ್ಲ ಸೊಟ್ಟ. ನನ್ನವರಲ್ಲಿ ಒಂದು ಕೊಂಕೂ ಇಲ್ಲ. ಆದರೂ ನಿಲ್ಲುವವರು ನೀವೇ, ಹೇಗೆ?"

"ನನ್ನ ಮೂಲೆ ಪಕ್ಕದವನ ತಗ್ಗಿನಲ್ಲಿ ಕೂತಿದೆ. ಅವನ ಮೊನೆ ನನ್ನ ಬೆನ್ನಿಗೆ ಆತುಕೊಂಡಿದೆ. ನಿನ್ನವರು ಒಬ್ಬರನ್ನೊಬ್ಬರು ಎಲ್ಲಿ ಹಿಡಿದುಕೊಳ್ಳಬೇಕು, ಹೇಳು?"

ಕಂಪ್ಯೂಟರ್ ಕಣಕಣಕ್ಕೂ ಒಂದೊಂದು ಬಗೆಯ ಮೂಲೆ ಕೊಟ್ಟು ಮತ್ತೆ ಸುರಿಯಿತು. "ಅಯ್ಯೋ, ಚುಚ್ಚುತ್ತೀಯಲ್ಲೋ!" "ಚುಚ್ಚಲಿ, ಬಿಡಬೇಡ, ಹಿಡಿದುಕೋ!" ಎಂದು ಕೂಗಾಡುತ್ತಲೇ ಅವು ಒಂದರ ಮೇಲೊಂದು ಏರಿ ಗುಡ್ಡೆಯಾಗಿ ನಿಂತವು. ಖುಷಿಗೆ ಕಂಪ್ಯೂಟರಿನ ಫ್ಯಾನು ಗಿರ್ರೆಂದು ತಿರುಗಿತು.

ಅವಸರದಲ್ಲಿ ಒಂದು ಕಣ ಮಾತ್ರ ಹಾಗೇ ಗುಂಡಗೆ ಉಳಿದುಬಿಟ್ಟಿತ್ತು. ಅದು ತುದಿಯಿಂದ ಬುಡದವರೆಗೂ ಉರುಳಿಬಂದು, ಮೇಲೆ ನೋಡುತ್ತ ಕೂಗಿತು: "ಒಡೆಯಾ, ನನ್ನನ್ನೂ ಒಂದಿಷ್ಟು ಸೊಟ್ಟ ಮಾಡು!"