ನೀರು ಬೆರೆಸಿದ ನಂಜು

"ಕೇಳಿರಪ್ಪೋ ಜೌಗುಪುರದ ಮಹಾಜನಗಳೇ, ನಾಳೆ ಬೆಳಗ್ಗೆ ರಾಜಕುಮಾರಿ ಹೊನ್ನಾಂಬೆಯವರು ಓಲಗದಲ್ಲಿ ಮೂರು ಒಗಟು ಇಡುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ಒಂದು ತಪ್ಪಿದರೂ ಏಳು ಸಂಜೆ ಬರಿಮೈಯಲ್ಲಿ ಕೆರೆದಂಡೆಯ ಮಂಟಪದಲ್ಲಿ ಕೂರಬೇಕು."

ಇಷ್ಟು ಸಾರಿ ಡಂಗುರದವನು ತಾನೇ ಬೆವರು ಒರೆಸಿಕೊಂಡ. ಮಂಟಪ ಎಂಥದ್ದೆಂದು ಊರಿಗೆಲ್ಲ ಗೊತ್ತು. ಅಲ್ಲಿ ಕೂತವರಿಗೆ ಸೊಳ್ಳೆ ಮುತ್ತುತ್ತದೆ, ಹದಿನೈದು ದಿನಕ್ಕೆ ಚಳಿಜ್ವರ ಹತ್ತುತ್ತದೆ, ಹತ್ತಿದವರಲ್ಲಿ ಅರ್ಧ ಜನ ಮತ್ತೆ ಏಳುವುದಿಲ್ಲ. ಗಲ್ಲಿಗೆ ಹಾಕಿದರೆ ಮೈ ಕೆರೆದುಕೊಳ್ಳುವ ಕೆಲಸವಾದರೂ ತಪ್ಪುತ್ತಿತ್ತು ಎಂದು ಜನ ಆಡಿಕೊಂಡರು.

ಆ ಜ್ವರಕ್ಕೆ ಹೆದರಿಯೇ ಮೂರು ವರ್ಷದ ಹಿಂದೆ ಅರಮನೆಯವರು ನಂಜಿನ ಕಷಾಯ ಕಾಯಿಸಿ ಮನೆಮನೆಯ ಗೋಡೆಗೆ ಬಳಿಸಿದ್ದರು. ಮೊದಲ ವರ್ಷ ಸತ್ತ ಸೊಳ್ಳೆಗಳನ್ನು ಮೊರದಲ್ಲಿ ಗೋರಿ ಚೆಲ್ಲಿದರು. ಆಮೇಲೆ ಎಷ್ಟು ಬಳಿದರೂ ಜ್ವರ ಬಗ್ಗಲಿಲ್ಲ. ಹೋದ ಮಳೆಗಾಲದಲ್ಲಿ ರಾಣಿಯವರೇ ತೀರಿಕೊಂಡರು.

ಓಲಗದಲ್ಲಿ ಮೊದಲು ಎದ್ದವನು ದಳವಾಯಿ ಭೈರರಸ. ರಾಜಕುಮಾರಿ ಕೇಳಿದಳು, "ಒಂದು ಸೈನ್ಯವಿದೆ. ಮೊದಲ ವರ್ಷ ನಮ್ಮ ಕತ್ತಿಗೆ ಸಿಕ್ಕಿದ ಸಾವಿರದಲ್ಲಿ ಹತ್ತು ಉಳಿದವು. ಈಗ ಅದೇ ಕತ್ತಿಗೆ ಸಾವಿರದಲ್ಲಿ ಐನೂರು ಉಳಿಯುತ್ತಿವೆ. ಕತ್ತಿ ಮೊಂಡಾಗಿಲ್ಲ. ಮತ್ತೆ ಹೇಗೆ?"

"ಪಕ್ಕದ ರಾಜ್ಯದವರು ಗುಟ್ಟಾಗಿ ಕವಚ ಹೊಲಿಸಿಕೊಟ್ಟಿದ್ದಾರೆ," ಎಂದ ದಳವಾಯಿ ಎದೆಯುಬ್ಬಿಸಿ. ಅವನನ್ನು ಮಂಟಪಕ್ಕೆ ಕಳಿಸಿದರು. ಆಸ್ಥಾನದ ಜೋಯಿಸರು ಪಂಚಾಂಗ ಬಿಡಿಸಿ, ಎಲ್ಲ ಶನಿಯ ಆಟ ಎಂದರು. ಅವರೂ ಅಂಗಿ ಕಳಚಿ ದಳವಾಯಿಯ ಹಿಂದೆ ಹೋದರು.

ಆಮೇಲೆ ಯಾರೂ ಏಳಲಿಲ್ಲ. ಬಾಗಿಲ ಹತ್ತಿರದಿಂದ ಗೋಡೆ ಬಳಿಯುವ ಅಂದಾನಿ ಮುಂದೆ ಬಂದ. ಮೂರು ವರ್ಷದಿಂದ ನಂಜು ಬಳಿದು ಬಳಿದು ಅವನ ಬೆರಳೆಲ್ಲ ಹಳದಿಗಟ್ಟಿದ್ದವು. ಮನೆಯಲ್ಲಿ ಅವನ ಒಬ್ಬಳೇ ತಂಗಿ ಪುಟ್ಟೀರಿ ಮೂರು ಕಂಬಳಿ ಹೊದ್ದೂ ನಡುಗುತ್ತಿದ್ದಳು. ಅವನನ್ನು ಕಂಡು ಓಲಗದವರು ಮುಸಿಮುಸಿ ನಕ್ಕರು.

"ಸೈನ್ಯ ಅಂದ್ರೆ ಸೊಳ್ಳೆ, ಕತ್ತಿ ಅಂದ್ರೆ ನಂಜು. ಆ ಹತ್ತು ಹುಟ್ತಾನೇ ಗಟ್ಟಿ ಇದ್ದೋ ತಾಯಿ," ಎಂದ ಅಂದಾನಿ. "ಮೆತ್ತಗಿದ್ದೋವೆಲ್ಲ ಸತ್ತೋದೋ. ಮುಂದ್ಲ ಮಳೇಲಿ ಮೊಟ್ಟೆ ಇಟ್ಟೋವು ಆ ಗಟ್ಟಿಗಿತ್ತೀರೇ. ಮಕ್ಳೂ ಹೆತ್ತೋಳಂಗೇ ಹುಟ್ಟಿದೋ. ಈಗ ಊರು ತುಂಬ ಅವ್ರದೇ ಸಂತಾನ."

ನಗು ನಿಂತಿತು. ರಾಜಕುಮಾರಿ ಎರಡನೆಯದನ್ನು ಇಟ್ಟಳು. "ಒಬ್ಬ ಕಳ್ಳ ಮನೆಯೊಳಗೆ ನುಗ್ಗಿ, ಕದ್ದು, ಗೋಡೆಗೊರಗಿ ದಣಿವಾರಿಸಿಕೊಂಡು ಹೋಗುತ್ತಿದ್ದ. ಗೋಡೆಗೇ ಕಾವಲಿಟ್ಟೆವು. ಈಗ ಅವನು ಗೋಡೆಯ ಹತ್ತಿರ ಸುಳಿಯುವುದಿಲ್ಲ, ಕಳವು ಮಾತ್ರ ನಿಂತಿಲ್ಲ. ಎಲ್ಲಿ ಕದಿಯುತ್ತಾನೆ?"

"ಹೊರಗೇ ತಾಯಿ. ದೀಪ ಹಚ್ಚೋಕೆ ಮುಂಚೆ ಜನ ಜಗಲಿ ಮ್ಯಾಲೆ ಮಾತಾಡ್ತಾ ಕೂತಿರ್ತಾರಲ್ಲ, ಆಗ್ಲೇ ಕಚ್ಚಿ ಬಿದಿರುಮೆಳೆಗೆ ಹೋಗಿ ಕೂತ್ಕತವೆ. ನನ್ ತಂಗಿಗೆ ಕಚ್ಚಿದ್ದೂ ಎಮ್ಮೆ ಹಾಲು ಕರೆಯೋವಾಗ. ನಾವು ಒಳಗೆ ಗೋಡೆ ಕಾಯ್ತಾ ಕೂತಿದ್ದೀವಿ."

"ಸರಿ. ಮೂರನೆಯದು," ಎಂದಳು ರಾಜಕುಮಾರಿ. ಅವಳ ದನಿ ತಗ್ಗಿತ್ತು. "ಸಾವಿರಕ್ಕೆ ಹತ್ತು ಉಳಿಯಬೇಕಾದಲ್ಲಿ ನೂರು ಉಳಿಯುವಂತೆ ಮಾಡಿ ಶತ್ರುವನ್ನು ಸಾಕಿದವನೊಬ್ಬನಿದ್ದಾನೆ. ಅವನು ನಮ್ಮವನೇ, ಯಾರಿಗೂ ಕೇಡು ಬಯಸಿದವನಲ್ಲ. ಅವನು ಯಾರು?"

ಅಂದಾನಿಗೆ ಉತ್ತರ ಗೊತ್ತಿತ್ತು. ಅರಮನೆಯ ನಂಜಿಗೆ ನೀರು ಬೆರೆಸಿದವನಿಗೆ ಶೂಲ ಎಂಬ ಕಟ್ಟಳೆಯೂ ಗೊತ್ತಿತ್ತು. ಗೊತ್ತಿಲ್ಲ ಎಂದುಬಿಟ್ಟರೆ ಮಂಟಪ. ಅಲ್ಲಿಂದ ಅರ್ಧ ಜನ ಬದುಕಿ ಬರುತ್ತಾರೆ. ಆದರೆ ನಿಜ ಹೇಳದಿದ್ದರೆ ಮುಂದಿನ ವರ್ಷವೂ ಅದೇ ತೆಳ್ಳಗಿನ ನಂಜು, ಇನ್ನೊಬ್ಬರ ಮನೆಯಲ್ಲಿ ಇನ್ನೊಬ್ಬ ಪುಟ್ಟೀರಿ. ಅವನಿಗೆ ನಿಜಕ್ಕೂ ಭಯವಾಯಿತು.

"ನಾನೇ ತಾಯಿ," ಎಂದ. "ನಲವತ್ತು ಮನೆ ಬೀದಿಗೆ ಒಂದು ಹಂಡೆ ಕೊಡೋರು. ಇಪ್ಪತ್ತೈದಕ್ಕೇ ಮುಗಿದೋಗದು. ಮಿಕ್ಕೋರು ಕೂಸು ಎತ್ಕಂಡು ಬಾಗ್ಲಲ್ಲಿ ನಿಂತಿರೋರು. ಇಲ್ಲ ಅನ್ನಕ್ಕೆ ನನ್ ಕೈಲಿ ಆಗ್ಲಿಲ್ಲ, ನೀರು ಬೆರೆಸ್ದೆ. ತೆಳ್ಳಗಿನ ನಂಜಿಗೆ ಬಡಕಲು ಸೊಳ್ಳೆ ಸತ್ತೋ, ಅರೆಗಟ್ಟಿವೆಲ್ಲ ಬದುಕ್ಕಂಡೋ. ಒಳ್ಳೇದು ಮಾಡ್ತೀನಿ ಅಂದ್ಕಂಡು ಅವನ್ನೇ ಸಾಕ್ದೆ."

"ಮೂರೂ ಸರಿ," ಎಂದಳು ರಾಜಕುಮಾರಿ. "ಅಮ್ಮ ಹೋದಾಗಿನಿಂದ ಮಡಕೆಯಲ್ಲಿ ಸೊಳ್ಳೆ ಸಾಕಿ, ಬಾಯಿಗೆ ಬಟ್ಟೆ ಕಟ್ಟಿ, ಗಟ್ಟಿ ನಂಜು ತೆಳು ನಂಜು ಎರಡನ್ನೂ ಹಾಕಿ ನೋಡಿದ್ದೇನೆ. ಗೋಡೆಯ ಮೇಲಿನ ಬಣ್ಣ ನೋಡಿಯೇ ನೀರು ಬೆರೆತದ್ದು ಗೊತ್ತಾಯಿತು. ಬೆರೆಸಿದ್ದು ನೀನು, ಹಂಡೆ ಸಾಲದಂತೆ ಕೊಟ್ಟದ್ದು ಅರಮನೆ. ಶೂಲ ಅಂದರೆ ಇಬ್ಬರೂ ಏರಬೇಕು. ಅದು ಬೇಡ. ನಿನಗೇನು ಬೇಕು, ಕೇಳು."

"ಎಷ್ಟು ಮನೆಯೋ ಅಷ್ಟಕ್ಕೂ ಸಾಲೋವಷ್ಟು ಗಟ್ಟಿ ನಂಜು ಕೊಡಿ. ಅದೂ ಒಂದೇ ನಂಜು ಬ್ಯಾಡ, ಮಳೆಗಾಲಕ್ಕೊಂದು ಬದ್ಲಾಯಿಸ್ಬೇಕು. ನೀರು ನಿಲ್ಲೋ ಗುಂಡಿ ಮುಚ್ಚಿಸ್ಬೇಕು. ಸಂಜೆ ಹಾಲು ಕರೆಯೋ ಕಡೆ ಪರದೆ ಕಟ್ಟಿಸ್ಬೇಕು. ಮತ್ತೆ, ವೈದ್ಯರನ್ನ ಒಂದ್ಸಲ ನಮ್ ಮನೆಗೆ ಕಳ್ಸಿ."

ಎಲ್ಲವೂ ಆಯಿತು. ಆ ಕೆಲಸಕ್ಕೆಲ್ಲ ಅಂದಾನಿಯೇ ಯಜಮಾನನಾದ. ದಳವಾಯಿ, ಜೋಯಿಸರನ್ನು ಒಂದೇ ಸಂಜೆಗೆ ಬಿಡಿಸಿ ಕರೆತಂದರು. ಅವರು ಮೈ ಕೆರೆದುಕೊಳ್ಳುತ್ತಲೇ ಗುಂಡಿ ಮುಚ್ಚಿಸಲು ನಿಂತರು. ವೈದ್ಯರ ಔಷಧಿಗೆ ಪುಟ್ಟೀರಿ ಹನ್ನೆರಡನೇ ದಿನ ಎದ್ದು ಗಂಜಿ ಕೇಳಿದಳು. ಅಂದಾನಿ ಒಲೆಯ ಮುಂದೆ ಕೂತು ಅತ್ತುಬಿಟ್ಟ.

ಹೊಸ ನಂಜು ಬಳಿದ ಮೊದಲ ದಿನ, ಬೀದಿಯ ಕೊನೆಮನೆಗೆ ಬರುವಷ್ಟರಲ್ಲಿ ಆ ದಿನದ ಹಂಡೆಯ ತಳ ಕಂಡಿತು. ಮುಂದಿನ ಹಂಡೆ ಅರಮನೆಯಿಂದ ಬರುವುದು ಮರುದಿನ ಬೆಳಗ್ಗೆಯೇ. ಆ ಮನೆಯ ಸಾಕಮ್ಮ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. "ಒಂದು ಚೊಂಬು ನೀರು ಹುಯ್ಯಪ್ಪ, ನಮ್ಮನೆಗೂ ಆಗ್ಲಿ."

"ಇಲ್ಲ ಕನವ್ವ."

"ಅರಮನೆ ಅನ್ನ ಉಂಡ್ಮೇಲೆ ಕಲ್ಲಾಗ್ಬುಟ್ಟೆ," ಎಂದು ಅವಳು ಬೀದಿಗೆಲ್ಲ ಕೇಳುವಂತೆ ಬೈದಳು. ಅಂದಾನಿ ಬೈಸಿಕೊಂಡ. ಆಮೇಲೆ ಹೇಳಿದ, "ಇವತ್ತೊಂದಿನ ಕೂಸು ಕರ್ಕಂಡು ನಮ್ಮನೇಲಿ ಮಲೀಕೊ ಬಾ. ಪುಟ್ಟೀರಿ ಚಾಪೆ ಹಾಸವ್ಳೆ."

ಮರುದಿನ ಬೆಳಗ್ಗೆ ತುಂಬಿದ ಹಂಡೆ ಮೊದಲು ಇಳಿದದ್ದು ಸಾಕಮ್ಮನ ಬಾಗಿಲಲ್ಲಿ. ಅವಳ ಮುನಿಸು ಇನ್ನೂ ಇಳಿದಿರಲಿಲ್ಲ. ಆದರೂ ಕೂಸನ್ನು ಎತ್ತಿಕೊಂಡು, ಆ ಮೂಲೆ ಬಿಟ್ಟೆ, ಈ ಸಂದಿ ಬಿಟ್ಟೆ ಎಂದು ತೋರಿಸುತ್ತ ಅವನ ಹಿಂದೆಯೇ ಮನೆಯೆಲ್ಲ ಸುತ್ತಿದಳು.