ಕಿರುಗಣ್ಣಿಯ ಹೂವಿನ ಬಣ್ಣ

"ಬುದ್ಧಿ, ನನ್ನ ಕಣ್ಣು ಒಂದು ಹೇಳಿ, ತಿಳಿದವರು ಇನ್ನೊಂದು ಹೇಳಿದರೆ ಯಾರನ್ನು ನಂಬಲಿ?" ಎಂದು ಶಿಷ್ಯ ಮರಿದೇವ ಗುರುಗಳನ್ನು ಕೇಳಿದ. ಉತ್ತರವನ್ನೂ ಅವನೇ ಸಿದ್ಧಮಾಡಿಕೊಂಡು ಬಂದಿದ್ದ. "ತಿಳಿದವರನ್ನೇ ನಂಬಬೇಕು, ಅಲ್ಲವೇ?"

"ಪ್ರಶ್ನೆಯೂ ನಿನ್ನದೇ, ಉತ್ತರವೂ ನಿನ್ನದೇ ಆದರೆ ನನಗೇನು ಕೆಲಸ? ಕತೆ ಹೇಳುತ್ತೇನೆ, ಕೂತುಕೋ" ಎಂದು ಗುರುಗಳು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಒಳ್ಳೆಯವನು. ಹೆಂಡತಿಯ ಮೇಲೆ ಅವನಿಗೆ ಬಹಳ ಪ್ರೀತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಅವನನ್ನು ಕೆಟ್ಟವನೆಂದು ಬದಿಗೆ ಸರಿಸಿ ಸುಮ್ಮನಾಗುತ್ತೀಯ.

ಹೆಂಡತಿಯ ಕಣ್ಣು ಮಂಜಾಗತೊಡಗಿತು. ಅದಕ್ಕೆ ಕಿರುಗಣ್ಣಿ ಎಂಬ ಗಿಡವೇ ಮದ್ದು ಎಂದು ವೈದ್ಯನಿಗೆ ಗೊತ್ತಿತ್ತು. ಗೇಣುದ್ದವೂ ಬೆಳೆಯದ ಗಿಡ, ಊರಿನಲ್ಲಿ ಅದರ ಹೆಸರು ಕೇಳಿದವರೇ ಇಲ್ಲ. ಅದನ್ನೇ ಹೋಲುವ ಇನ್ನೊಂದು ಗಿಡ ಇದೆ. ಅದು ಕಣ್ಣಿಗೆ ವಿಷ. ಎಲೆ, ಕಾಂಡ, ವಾಸನೆ ಎರಡಕ್ಕೂ ಒಂದೇ. ಹೂವಿನಲ್ಲಿ ಮಾತ್ರ ವ್ಯತ್ಯಾಸ. ಕಿರುಗಣ್ಣಿಯ ಹೂ ಬಿಳಿ, ಇನ್ನೊಂದರದ್ದು ನೀಲಿ. ಇದೂ ವೈದ್ಯನಿಗೆ ಗೊತ್ತಿತ್ತು. ನಾಲ್ಕು ಜನರಿಗೆ ಪಾಠ ಹೇಳುವಷ್ಟು ಗೊತ್ತಿತ್ತು.

ಅವನು ಹಳ್ಳದ ದಡದಿಂದ ಗಿಡ ಕಿತ್ತು ತಂದ. ಆಗ ಹೂವಿನ ಕಾಲವಲ್ಲ. ಬಾವಿಯ ಪಕ್ಕದ ನೆರಳಿನಲ್ಲಿ ಮಡಿ ಮಾಡಿ ನೆಟ್ಟ. ಕಡ್ಡಿ ಮುರಿದು ಮಣ್ಣಿಗೆ ಚುಚ್ಚಿದರೆ ಬೇರು ಬಿಡುವ ಗಿಡ, ಬೀಜದ ಗೊಡವೆಯಿಲ್ಲ. ಹೂ ಬಿಟ್ಟರೆ ಎಲೆಯ ಸತ್ವ ಹೋಗುತ್ತದೆ, ಮೊಗ್ಗು ಕಂಡ ಕೂಡಲೇ ತೆಗೆಯಬೇಕು ಎಂಬುದು ವೈದ್ಯರ ಕ್ರಮ. ಆದ್ದರಿಂದ ದಿನವೂ ಬೆಳಗ್ಗೆ ಮಡಿಯ ಮುಂದೆ ಕೂತು ಕಂಡ ಕಂಡ ಮೊಗ್ಗನ್ನೆಲ್ಲ ಉಗುರಿನಿಂದ ಚಿವುಟುತ್ತಿದ್ದ. ಎಷ್ಟು ಶ್ರದ್ಧೆಯೆಂದರೆ, ಒಂದೂ ಅರಳಲಿಲ್ಲ. ಆಮೇಲೆ ಎಲೆ ಕೊಯ್ದು ಕಷಾಯ ಕಾಯಿಸಿ ಹೆಂಡತಿಗೆ ಕುಡಿಸುತ್ತಿದ್ದ.

ಕಣ್ಣು ಇನ್ನಷ್ಟು ಮಂಜಾಯಿತು. ಮದ್ದು ಸಾಲುತ್ತಿಲ್ಲ ಎಂದುಕೊಂಡು ಎಲೆ ಹೆಚ್ಚಿಸಿದ.

ಒಂದು ದಿನ ಹೆಂಡತಿ, "ಏನೂಂದ್ರೆ, ಒಂದೇ ಒಂದು ಗಿಡ ಹೂ ಬಿಡಲಿ ಬಿಡಿ. ಕಣ್ಣು ಪೂರಾ ಹೋಗೋಕೆ ಮುಂಚೆ ಒಂದ್ಸಲ ನೋಡ್ಕೋತೀನಿ" ಎಂದಳು. ವೈದ್ಯ ಮಡಿಯ ತುದಿಯ ಒಂದು ಗಿಡವನ್ನು ಚಿವುಟದೆ ಬಿಟ್ಟ.

ಕೆಲವು ದಿನ ಕಳೆದವು. ಅವನು ಕಷಾಯದ ಬಟ್ಟಲು ಹಿಡಿದು ಬಂದಾಗ ಹೆಂಡತಿ ಮಡಿಯ ಬಳಿ ಕೂತು, ಮುಖ ನೆಲಕ್ಕೆ ತಾಗುವಷ್ಟು ಬಗ್ಗಿದ್ದಳು. ಅವಳಿಗೆ ಸಂತೋಷವೋ ಸಂತೋಷ.

"ಬನ್ನಿ ಇಲ್ಲಿ. ನೀಲಿ ಹೂ ಬಿಟ್ಟಿದೆ. ನನಗೆ ಬಣ್ಣ ಕಾಣಿಸ್ತಿದೆ, ನಿಮ್ಮ ಮದ್ದು ಹಿಡೀತು."

ವೈದ್ಯ ಬಗ್ಗಿ ನೋಡಿದ. ನೀಲಿಯೇ. ಇಷ್ಟು ದಿನ ಆ ಕಣ್ಣನ್ನು ಕೆಡಿಸಿದ್ದು ತನ್ನ ಕೈಯೇ ಎಂದು ಹೊಳೆಯಿತು. ಕೈಯಲ್ಲಿದ್ದ ಕಷಾಯವನ್ನು ಅಲ್ಲೇ ಚೆಲ್ಲಿದ್ದರೆ ಉಳಿದಷ್ಟು ಬೆಳಕಾದರೂ ಅವಳಿಗೆ ಉಳಿಯುತ್ತಿತ್ತು. ಆದರೆ ಚೆಲ್ಲಿದರೆ ಯಾಕೆ ಎಂದು ಅವಳು ಕೇಳುತ್ತಾಳೆ. ನಿನ್ನ ಕಣ್ಣು ತೆಗೆದವನು ನಾನೇ ಎಂದು ಅವಳೆದುರು ಹೇಳಬೇಕಾಗುತ್ತದೆ. ಅದು ಅವನಿಂದ ಆಗಲಿಲ್ಲ, ಹೂ ನೀಲಿ ಎಂದು ಒಪ್ಪಿಕೊಳ್ಳುವುದೂ ಆಗಲಿಲ್ಲ.

"ಅದು ಬಿಳಿ ಹೂ ಕಣೇ. ನಿನಗೆ ಬಣ್ಣವೂ ತಿಳೀದ ಹಾಗಾಗಿದೆ" ಎಂದ.

ಅವಳು ಇನ್ನೊಮ್ಮೆ ಬಗ್ಗಿ ಹೂವನ್ನು ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಆಮೇಲೆ ಗಂಡನ ಮುಖದ ಕಡೆ ತಿರುಗಿದಳು. ಅವಳ ನಗು ಹೋಗಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರಿದೇವನಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಅವನೂ ಒಬ್ಬ ಮನುಷ್ಯನೇ, ಬುದ್ಧಿ? ಗೊತ್ತಿದ್ದೂ ಗೊತ್ತಿದ್ದೂ ಆ ವಿಷವನ್ನು ಅವಳಿಗೆ ಕೊಟ್ಟನೇ?"

"ಅವನು ಕೊಡುವುದೇನು ಬಂತು, ತಿಳಿದವನನ್ನು ನಂಬಿ ಅವಳೇ ಕೈ ಚಾಚಿ ಇಸಿದುಕೊಂಡಳು."