ತಾನಾಗಿ ಇಳಿದ ಗುರಿ

"ಅಜ್ಜಾರ, ಹೊರಲಾರದವರ ಭಾರವನ್ನು ಅವರಿಗೆ ಹೇಳದೆ ಇಳಿಸಿದರೆ ತಪ್ಪೇನರಿ?" ಎಂದು ಶಿಷ್ಯ ಗುರುಗಳನ್ನು ಕೇಳಿದ.

ಅವನು ಊರಿಗೆ ಹೋಗಿ ಅಂದೇ ಮಠಕ್ಕೆ ಮರಳಿದ್ದ. ಅವನ ಅಣ್ಣ ತೀರಿಕೊಂಡು ವರ್ಷವಾಗಿತ್ತು. ತಾಯಿ ಮಾತ್ರ ಇಂದಿಗೂ ಬೆಳಿಗ್ಗೆ ಎದ್ದು ಅಣ್ಣನ ಸ್ನಾನಕ್ಕೆಂದು ಒಂದು ಬಕೆಟ್ ನೀರು ಕಾಯಿಸಿ ಇಡುತ್ತಾಳಂತೆ. ಸೊಂಟ ಹಿಡಿದಿದೆ, ಕೊಡ ಎತ್ತಲು ಆಗುವುದಿಲ್ಲ. "ಅಣ್ಣನ ಆ ಬಕೆಟ್ಟು ಕಣ್ಣಿಗೇ ಬೀಳದಿದ್ದರೆ ಅಮ್ಮನಿಗೆ ಹಗುರಾದೀತಲ್ಲರಿ" ಎಂದ.

ಗುರುಗಳು ಅವನ ಮುಖವನ್ನೇ ನೋಡಿದರು. "ಕೂಡು ತಮ್ಮಾ. ತಪ್ಪೋ ಸರಿಯೋ ಆಮೇಲೆ ನೋಡೋಣ" ಎಂದು ಕತೆ ಹೇಳಿದರು.

ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಅವನಿಗೆ ಒಬ್ಬನೇ ಮಗ. ಮಗನಿಗೆ ಸೈಕಲ್ ಪಂದ್ಯದ ಹುಚ್ಚು. ಅಭ್ಯಾಸಕ್ಕೆಂದು ಮನೆಯೊಳಗೇ ಒಂದು ಸೈಕಲ್ ಯಂತ್ರ ತಂದಿಟ್ಟಿದ್ದ. ಎಷ್ಟು ತುಳಿದರೂ ಒಂದು ಮೊಳ ಮುಂದೆ ಹೋಗದ ಸೈಕಲ್ಲು. ನಗಬೇಡ, ನೀನು ಜಪ ಮಾಡುವುದೂ ಕೂತಲ್ಲಿಯೇ. ಅದರ ಮುಂದೊಂದು ಪರದೆ. ಇಷ್ಟು ಬಲ ಹಾಕಿ ತುಳಿಯಬೇಕು ಎಂಬ ಗುರಿ ಮೇಲೆ, ತುಳಿಯುತ್ತಿರುವ ಬಲ ಕೆಳಗೆ ಕಾಣುತ್ತಿತ್ತು. ನಾಳೆಯ ಗುರಿಯನ್ನು ಮಗ ಇಂದೇ ತನ್ನ ಕೈಯಾರೆ ಹಾಕಿಡುತ್ತಿದ್ದ. ಒಂದು ಸಂಜೆ ಇನ್ನೂರ ಎಂಬತ್ತು ಎಂದು ಹಾಕಿಟ್ಟ. ಬೆಳಿಗ್ಗೆ ಹಾಲು ತರಲು ಹೋದವನಿಗೆ ಲಾರಿ ಬಡಿಯಿತು. ಅಲ್ಲೇ ಹೋದ.

ಸೂತಕ ಕಳೆದು ಗಿರಣಿ ತೆರೆದ ದಿನ ತಂದೆ ಆ ಯಂತ್ರದ ಗುಂಡಿ ಒತ್ತಿದ. ಪರದೆಯ ಮೇಲೆ ಮಗನ ಹೆಸರು ಬಂತು, ಪಕ್ಕದಲ್ಲಿ ಇನ್ನೂರ ಎಂಬತ್ತು. ಮಗ ಮಾಡಬೇಕೆಂದಿದ್ದ ಕೆಲಸ ಒಂದು ಹಾಗೇ ಉಳಿದಿದೆ, ತಾನಾದರೂ ಮುಗಿಸಬೇಕು ಎಂದು ಅವನಿಗೆ ಅನ್ನಿಸಿತು. ಧೋತರ ಎತ್ತಿ ಕಟ್ಟಿ ಹತ್ತಿ ಕೂತ. ಆ ವಯಸ್ಸಿನ ಕಾಲಿಗೆ ಅದರ ಅರ್ಧವೂ ಆಗದ ಮಾತು. ಯಾರು ಹೇಳಿದರೂ ಕೇಳಲಿಲ್ಲ, ಹಟಮಾರಿ. ಮೊಣಕಾಲು ಬಾತವು. ದಿನಾ ಸೋಲುತ್ತಿದ್ದ, ದಿನಾ ಹತ್ತುತ್ತಿದ್ದ. ಮಗ ಬಿಟ್ಟುಹೋದದ್ದರಲ್ಲಿ ಅದೊಂದೇ ಇನ್ನೂ ಮುಗಿದಿರಲಿಲ್ಲ.

ಒಂದು ದಿನ ತುಳಿಯುತ್ತಿದ್ದಾಗ ಪರದೆ ಹಸಿರಾಯಿತು. ಗುರಿ ಮುಟ್ಟಿದ್ದೀರಿ, ಶಭಾಷ್ ಎಂದು ಬಂತು. ಕಣ್ಣೊಳಗೆ ಬೆವರು ಇಳಿದು ಅವನಿಗೆ ಬಣ್ಣ ಬಿಟ್ಟರೆ ಬೇರೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಹೆಂಡತಿಯನ್ನು ಕೂಗಿ, "ಅವನ ಕೆಲಸಾ ಮುಗಿಸಿದೆ ನೋಡ" ಎಂದು ಅತ್ತುಬಿಟ್ಟ. ಆಕೆ ಬಂದು ನೋಡಿದಳು. ಗುರಿಯ ಜಾಗದಲ್ಲಿ ತೊಂಬತ್ತು ಎಂದಿತ್ತು. "ಇದು ಅವಂದಲ್ಲರಿ" ಎಂದಳು.

ಯಂತ್ರ ಮಾರಿದ್ದ ಅಂಗಡಿಗೆ ಗಿರಣಿಯವ ಹೋದ. "ದಿನಾ ನಿಮಗ ಆಗವಲ್ದು ಅಂತ ತಿಳಕೊಂಡು ಅದು ತಾನಾಗಿ ಗುರಿ ಇಳಿಸೇತ್ರಿ. ಚಲೋನ ಆತಲ್ಲ" ಎಂದ ಅಂಗಡಿಯವ. "ಹಳೇದು ಅಳಿಸಿ ಹೋಗೇತಿ. ಬೇಕಂದ್ರ ಇನ್ನೂರ ಎಂಬತ್ತು ಅಂತ ನೀವೇ ಹಾಕ್ಕೋರಿ."

"ನಾ ಹಾಕಿದ್ರ ಅದು ನಂದಾಕ್ಕೈತಿ" ಎಂದ ಗಿರಣಿಯವ.

ಮನೆಗೆ ಬಂದು ಯಂತ್ರಕ್ಕೆ ಗೋಣಿತಾಟು ಹೊದಿಸಿದ. ಮಗ ಸತ್ತ ಮೇಲೂ ಮತ್ತೆ ತೆರೆದಿದ್ದ ಗಿರಣಿಯನ್ನು ಈಗ ಮುಚ್ಚಿದ. ಜನ ಜೋಳ ಹೊತ್ತು ಬಂದು, ಬಾಗಿಲು ಬಡಿದು, ಬೇರೆ ಗಿರಣಿಗೆ ಹೋದರು. ಅವನು ಒಳಗೇ ಕೂತಿರುತ್ತಿದ್ದ. ಹೆಂಡತಿ ಕರೆದರೂ ಓ ಎನ್ನುತ್ತಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ನೆಲ ನೋಡುತ್ತ, "ಯಂತ್ರದ್ದೇನು ತಪ್ಪರಿ? ಅದು ದಯೆಯನ್ನೇ ತೋರಿತಲ್ಲ" ಎಂದ.

"ದಯೆಯೇ ಹೌದಪ್ಪ. ಅಮ್ಮನಿಗೆ ಹೇಳದೆ ನೀನು ಆ ಬಕೆಟ್ಟನ್ನು ಯಾರಿಗೆ ಕೊಟ್ಟು ಬಂದೆ?"